ಶೋ ಗಿಡ ಅಂದರೆ ಸಾಕೇ?

ನಮ್ಮ ಕಾಸರಗೋಡಿನ ಕಡೆ ಹತ್ತು ಮನೆ ಹೊಕ್ಕು ನೋಡಿ. ಜಗಲಿಯ ತುದಿಯಲ್ಲಿ ಸಾಲಾಗಿ ಹೂಚಟ್ಟಿಗಳು ಇರುತ್ತವೆ. ಅದರಲ್ಲಿ ಒಂದಾದರೂ ಹಸಿರು ನೂಲಿನಿಂದ ಹೆಣೆದ ಬೀಸಣಿಗೆಯಂಥ ಗಿಡ ಕಣ್ಣಿಗೆ ಬೀಳುತ್ತದೆ. ಮುಟ್ಟಿದರೆ ಮೆತ್ತಗೆ, ದೂರದಿಂದ ನೋಡಿದರೆ ಹಸಿರು ಮಂಜಿನ ಹಾಗೆ. "ಇದೆಂತ ಗಿಡ?" ಎಂದು ಮನೆಯವರನ್ನು ಕೇಳಿ. "ಅದಾ... ಅದೊಂದು ಶೋ ಗಿಡ" ಎನ್ನುತ್ತಾರೆ. ಇನ್ನೂ ಸ್ವಲ್ಪ ಒತ್ತಾಯ ಮಾಡಿದರೆ "ಫರ್ನ್ ಅಂತೆ, ನರ್ಸರಿಯವ ಹೇಳಿದ್ದು" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ಚಾ ಬಂತು.

ನಮ್ಮ ತಕರಾರು ಇರುವುದು ಈ ಎರಡು ಉತ್ತರಗಳ ಬಗ್ಗೆ. "ಶೋ ಗಿಡ" ಎಂಬುದು ಹೆಸರೇ ಅಲ್ಲ, ಹೆಸರು ಕೇಳಬೇಡ ಎಂದು ಹೇಳುವ ಒಂದು ಉಪಾಯ ಅಷ್ಟೆ. "ಫರ್ನ್" ಎಂಬುದು ಹೆಸರು ಹೌದು, ಆದರೆ ಈ ಗಿಡದ್ದಲ್ಲ. ಕನ್ನಡ ಶಾಲೆಯ ಮಾಷ್ಟ್ರಿಗೆ ಶೋ ಗಿಡದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಇದೆ ಸ್ವಾಮಿ, ಉಸಾಬರಿ ಇದೆ. ಜಗಲಿಯ ಗಿಡದ ವಿಷಯದಲ್ಲಿ ತೋರಿಸುವ ಉದಾಸೀನವೇ ನಮ್ಮ ಮಕ್ಕಳ ವಿಜ್ಞಾನ ಪಾಠದಲ್ಲಿಯೂ ಕಾಣುತ್ತದೆ, ನಮ್ಮ ಭಾಷೆಯ ವಿಷಯದಲ್ಲಿಯೂ ಕಾಣುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಗಿಡದ ವಿಚಾರ ಮುಗಿಸೋಣ.

ಏಳನೆಯ ತರಗತಿಯ ಮಕ್ಕಳು ಶಾಲೆಯ ಜಗಲಿಗೆ ಒಂದೊಂದು ಗಿಡ ತರುವುದೆಂದು ಮಾತಾಗಿತ್ತು. ಒಬ್ಬ ಹುಡುಗಿ ಇದನ್ನೇ ತಂದಳು. ಚಟ್ಟಿಗೆ ಅಂಟಿಸಿದ ಚೀಟಿಯಲ್ಲಿ "ಫರ್ನ್" ಎಂದಿತ್ತು. "ಸರ್, ಪುಸ್ತಕದಲ್ಲಿ ಜರೀಗಿಡ ಅಂತ ಇರುವುದು ಇದೇ ಅಲ್ವಾ?" ಎಂದು ಪ್ರಶ್ನೆ ಬಂತು. ನಾವು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಜರೀಗಿಡ ಎನ್ನಬೇಕಾದರೆ ಏನೇನು ಇರಬೇಕು ಎಂದು ಹಲಗೆಯ ಮೇಲೆ ಮೂರು ಸಾಲು ಬರೆದೆವು. ಒಂದು, ಹೊಸ ಎಲೆ ಹುಟ್ಟುವಾಗ ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡಿದ್ದು ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಎರಡು, ಬಲಿತ ಎಲೆಯನ್ನು ತಿರುಗಿಸಿದರೆ ಅಡಿಭಾಗದಲ್ಲಿಯೋ ಅಂಚಿನಲ್ಲಿಯೋ ಕಂದು ಬಣ್ಣದ ಚುಕ್ಕಿ ಅಥವಾ ಗೆರೆ ಕಾಣಬೇಕು, ಬೀಜಕಗಳು ಇರುವುದು ಅಲ್ಲಿ. ಮೂರು, ಅದು ಹೂ ಬಿಡಬಾರದು, ಕಾಯಿ ಬಿಡಬಾರದು. ಎಷ್ಟು ವರ್ಷ ಬದುಕಿದರೂ ಬಿಡಬಾರದು. ಎಲ್ಲ ಎಲೆಯಲ್ಲಿಯೂ ಚುಕ್ಕಿ ಇರುವುದಿಲ್ಲವಾದ್ದರಿಂದ ಒಂದೇ ಲಕ್ಷಣ ನಂಬಬೇಡಿ, ಮೂರನ್ನೂ ನೋಡಿ ಎಂದೆವು.

ಮುಂದಿನದನ್ನು ಮಕ್ಕಳೇ ಮಾಡಿದರು. ಎಲೆ ತಿರುಗಿಸಿದರು, ಚುಕ್ಕಿ ಇಲ್ಲ. ಬುಡದಿಂದ ಏಳುತ್ತಿದ್ದ ಹೊಸ ಚಿಗುರು ನೋಡಿದರು, ಸುರುಳಿ ಇಲ್ಲ, ಸಣ್ಣ ಭರ್ಜಿಯ ಹಾಗೆ ನೆಟ್ಟಗಿದೆ. ಹಳೆಯ ಕಡ್ಡಿಯನ್ನು ಹಿಡಿದವನೊಬ್ಬನ ಬೆರಳಿಗೆ ಮುಳ್ಳು ಚುಚ್ಚಿತು. ಅಷ್ಟರಲ್ಲಿ ಗಿಡ ತಂದ ಹುಡುಗಿಗೆ ನೆನಪಾಯಿತು. ಅವರ ಮನೆಯಲ್ಲಿರುವ ತಾಯಿಗಿಡ ಕಿಟಕಿಯ ಸರಳು ಹಿಡಿದು ಮೇಲೆ ಹತ್ತಿದೆ, ಅದರಲ್ಲಿ ಅಕ್ಕಿಕಾಳಿನಷ್ಟು ಬಿಳಿ ಹೂವಾಗಿ ಆಮೇಲೆ ಕಪ್ಪು ಕಾಯಿ ಆಗಿತ್ತು! ಸರಿ, ಇನ್ನು ವಾದಕ್ಕೆ ಜಾಗವಿಲ್ಲ. ಹೂ ಕಾಯಿ ಆದದ್ದು ಜರೀಗಿಡವಾಗಲು ಸಾಧ್ಯವೇ ಇಲ್ಲ.

ಈ ಗಿಡದ ಹೆಸರು ಆಸ್ಪರಾಗಸ್ ಸೆಟೇಸಿಯಸ್. ಹೂವಿನ ವ್ಯಾಪಾರಿಗಳು ಹಿಂದಿನ ಹೆಸರಿನಿಂದ ಪ್ಲುಮೋಸಸ್ ಎನ್ನುವುದೂ ಉಂಟು. ಮೂಲ ಊರು ದಕ್ಷಿಣ ಮತ್ತು ಪೂರ್ವ ಆಫ್ರಿಕ. ಸನ್ಮಾನ ಸಮಾರಂಭಗಳಲ್ಲಿ ಅತಿಥಿಗಳ ಕೈಗೆ ಕೊಡುವ ಹೂಗುಚ್ಛದಲ್ಲಿ ಗುಲಾಬಿಯ ಹಿಂದೆ ನಿಲ್ಲುವ ಹಸಿರು ಎಳೆ ಹೆಚ್ಚಾಗಿ ಇದರದ್ದೇ. ಇನ್ನೊಂದು ಸ್ವಾರಸ್ಯ ಕೇಳಿ. ನಾವು ಎಲೆ ಎಂದುಕೊಂಡು ಮುಟ್ಟುವ ಆ ಸಣ್ಣ ಸಣ್ಣ ಎಳೆಗಳು ಎಲೆಗಳೇ ಅಲ್ಲ, ಕಾಂಡದ ಕವಲುಗಳು. ನಿಜವಾದ ಎಲೆಗಳು ಸಣ್ಣ ಹುರುಪೆಯಂತಾಗಿ, ಬಲಿತ ಕಡ್ಡಿಯಲ್ಲಿ ಮುಳ್ಳಾಗಿ ಉಳಿದಿವೆ. ಪಾಪಾಸುಕಳ್ಳಿಯ ಪಾಠ ಮಾಡುವಾಗ ಕಾಂಡವೇ ಎಲೆಯ ಕೆಲಸ ಮಾಡುತ್ತದೆ ಎಂದು ಹೇಳುತ್ತೇವಲ್ಲ, ಇಲ್ಲಿಯೂ ಅದೇ. ಕಾಂಡ ಎಲೆಯ ವೇಷ ಕಟ್ಟಿ ರಂಗಕ್ಕೆ ಬಂದಿದೆ. ಮೇಳದ ಆಟ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಇದಕ್ಕೆ ನಮ್ಮೂರಿನಲ್ಲಿಯೇ ಒಂದು ನೆಂಟಸ್ತಿಕೆಯೂ ಇದೆ. ಗುಡ್ಡೆಯ ಪೊದೆಗಳ ನಡುವೆ ಮುಳ್ಳು ಮುಳ್ಳಾಗಿ ಹಬ್ಬುವ, ಬುಡ ಅಗೆದರೆ ಗೊಂಚಲು ಗೊಂಚಲು ಬಿಳಿ ಗಡ್ಡೆ ಸಿಗುವ ಶತಾವರಿ ಇದೆಯಲ್ಲ, ಅದೂ ಆಸ್ಪರಾಗಸ್ ಕುಲದ್ದೇ. ಹಲವು ಮಕ್ಕಳ ತಾಯಿಬೇರು ಎಂದು ಕನ್ನಡದಲ್ಲಿ ಎಷ್ಟು ಚಂದದ ಹೆಸರಿಟ್ಟಿದ್ದಾರೆ! ಬೇರನ್ನು ನೋಡಿ ಇಟ್ಟ ಹೆಸರು ಅದು. ಅಗೆದು ನೋಡಿದವರು ಮಾತ್ರ ಇಡಬಹುದಾದ ಹೆಸರು. ಆ ಹಿರಿಯರು ಈ ಶೋ ಗಿಡವನ್ನು ಕಂಡಿದ್ದರೆ ಖಂಡಿತ ಅದರ ಬುಡ ಕೆದಕಿ ನೋಡುತ್ತಿದ್ದರು. ನಾವೋ, ಚೀಟಿ ಓದಿ ದುಡ್ಡು ಕೊಟ್ಟು ಬರುವವರು.

"ಇರಲಿ ಮಾಷ್ಟ್ರೇ, ಫರ್ನ್ ಎಂದರೆ ಯಾರ ಗಂಟು ಹೋಯಿತು?" ಎಂಬುದು ಮೊದಲನೆಯ ಆಕ್ಷೇಪ.

ಹೋಗುವುದು ಗಿಡದ ಜೀವ. ಜರೀಗಿಡಕ್ಕೂ ಇದಕ್ಕೂ ಬೇಕಾದ ಆರೈಕೆ ಬೇರೆ ಬೇರೆ. ಜರೀಗಿಡದ ಬಾಳು ನಿಂತಿರುವುದೇ ತೇವದ ಮೇಲೆ. ಬೀಜಕ ಬಿದ್ದಲ್ಲಿ ಮೊದಲು ಹುಟ್ಟುವುದು ಹೃದಯದ ಆಕಾರದ, ಉಗುರಿಗಿಂತ ಚಿಕ್ಕದಾದ ಒಂದು ಹಸಿರು ಹಾಳೆ. ಅದರಲ್ಲಿ ಗಂಡು ಕಣ ಹೆಣ್ಣು ಕಣದ ಹತ್ತಿರ ನೀರಿನಲ್ಲಿ ಈಜಿಕೊಂಡೇ ಹೋಗಬೇಕು. ಒಂದು ಪದರ ನೀರು ಇಲ್ಲದಿದ್ದರೆ ಮುಂದಿನ ಪೀಳಿಗೆಯೇ ಇಲ್ಲ. ಹಾಗಾಗಿ ಜರೀಗಿಡಕ್ಕೆ ನೆರಳು, ಒದ್ದೆ ಗಾಳಿ, ಒಣಗದ ಮಣ್ಣು ಬೇಕು. ಆಸ್ಪರಾಗಸ್ ಹಾಗಲ್ಲ. ಬರವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ನಾಡಿನಿಂದ ಬಂದದ್ದು. ತೂಗುಬುಟ್ಟಿಯಲ್ಲಿ ಇಡುವ ಅದರದೇ ಇನ್ನೊಂದು ಜಾತಿಯ ಬೇರಿನಲ್ಲಂತೂ ನೀರು ತುಂಬಿಕೊಂಡ ಗಡ್ಡೆಗಳೇ ಇರುತ್ತವೆ. ಇಂಥ ಗಿಡವನ್ನು ಫರ್ನ್ ಎಂದು ನಂಬಿ ಕತ್ತಲೆ ಕೋಣೆಯ ಮೂಲೆಯಲ್ಲಿಟ್ಟು ಮೂರು ಹೊತ್ತು ನೀರು ಹೊಯ್ದರೆ ಬೇರು ಕೊಳೆಯುತ್ತದೆ, ಎಳೆಗಳು ಹಳದಿಯಾಗಿ ಪುಡಿ ಪುಡಿಯಾಗಿ ಉದುರುತ್ತವೆ. ಉದುರುವುದನ್ನು ಕಂಡು ನೀರು ಸಾಲದೇನೋ ಎಂದು ಮನೆಯವರು ಇನ್ನೊಂದು ಚೆಂಬು ಹೊಯ್ಯುತ್ತಾರೆ. ಹದಿನೈದು ದಿನದಲ್ಲಿ ಗಿಡ ಹೋಯಿತು. "ನಮ್ಮ ಕೈಗುಣವೇ ಸರಿ ಇಲ್ಲ" ಎಂದು ಬೇಸರ ಬೇರೆ! ಕೈಗುಣ ಸರಿಯಾಗಿಯೇ ಇದೆ, ತಪ್ಪಿದ್ದು ಹೆಸರು.

ಸಾಕುವ ಕ್ರಮ ಕಷ್ಟದ್ದೇನಲ್ಲ. ಬೆಳಕು ಚೆನ್ನಾಗಿ ಬರುವ, ಆದರೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯದ ಜಗಲಿ ಸಾಕು. ಬೆಳಗಿನ ಎಳೆ ಬಿಸಿಲು ಬಿದ್ದರೆ ಒಳ್ಳೆಯದೇ. ಚಟ್ಟಿಯ ತಳದಲ್ಲಿ ತೂತು ಇರಲೇಬೇಕು, ಅದರ ಮೇಲೆ ನಾಲ್ಕು ಮುರಕಲ್ಲಿನ ಚೂರು. ಮಣ್ಣು, ಮರಳು, ಹಳೆಯ ಸೆಗಣಿ ಗೊಬ್ಬರ ಸೇರಿಸಿ ತುಂಬಿಸಿ. ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ ನೀರು. ಹಾಗೆಂದು ಪೂರ್ತಿ ಒಣಗಲು ಬಿಟ್ಟರೂ ಎಳೆ ಉದುರುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಆಟಿ ತಿಂಗಳಲ್ಲಿ ಇದನ್ನು ಸೂರಿನ ನೀರು ಬೀಳುವಲ್ಲಿ ಇಟ್ಟರೆ ಕತೆ ಮುಗಿಯಿತು, ಒಳಗೆ ಸರಿಸಿಬಿಡಿ. ಹಳದಿಯಾದ ಕಡ್ಡಿಯನ್ನು ಬುಡಕ್ಕೇ ಕತ್ತರಿಸಿ, ಹೊಸದು ಮಣ್ಣಿನಿಂದಲೇ ಏಳುತ್ತದೆ. ಹೆಚ್ಚು ಗಿಡ ಬೇಕಾದರೆ ಕಡ್ಡಿ ಚುಚ್ಚಿ ಕಾಯಬೇಡಿ, ಅದು ಸುಲಭಕ್ಕೆ ಬೇರು ಬಿಡುವುದಿಲ್ಲ. ಬುಡವನ್ನು ಬೇರು ಸಮೇತ ಎರಡಾಗಿಯೋ ಮೂರಾಗಿಯೋ ಸೀಳಿ ನೆಡಿ. ಹಣ್ಣಾದ ಕಾಯಿ ಸಿಕ್ಕಿದರೆ ತಿರುಳು ತೊಳೆದು, ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಹಾಕಿ ಬಿತ್ತಿ, ತಿಂಗಳೊಂದು ಕಾಯಿರಿ.

ಇನ್ನೊಂದು ಮಾತನ್ನು ತಾಯಂದಿರು ಮುಖ್ಯವಾಗಿ ಗಮನಿಸಬೇಕು. ಆ ಕಾಯಿ ತಿನ್ನುವಂಥದ್ದಲ್ಲ. ಮಕ್ಕಳು ತಿಂದರೆ ವಾಂತಿ, ಹೊಟ್ಟೆನೋವು ಬರಬಹುದು. ನಾಯಿ ಬೆಕ್ಕುಗಳಿಗೂ ಆಗುವುದಿಲ್ಲ. ಕತ್ತರಿಸುವಾಗ ಕೆಲವರ ಚರ್ಮಕ್ಕೆ ತುರಿಕೆಯಾಗುವುದೂ ಉಂಟು. ಫರ್ನ್ ಎಂದುಕೊಂಡ ಮನೆಯಲ್ಲಿ "ಕಾಯಿ" ಎಂಬ ಯೋಚನೆಯೇ ಬರುವುದಿಲ್ಲ. ಇನ್ನು ಜರೀಗಿಡ ಎಂದ ಮಾತ್ರಕ್ಕೆ ಎಲ್ಲವೂ ಸಾಧು ಎಂದೂ ಅಲ್ಲ. ಕೊಡಗಿನವರು ಮಳೆಗಾಲದಲ್ಲಿ ತೆರ್ಮೆ ಚಿಗುರಿನ ಪಲ್ಯ ಮಾಡಿ ಉಣ್ಣುತ್ತಾರೆ. ಅದೂ ಜರೀಗಿಡವೇ. ಬೆಟ್ಟದ ಬೋಳಿನಲ್ಲಿ ಬೆಳೆಯುವ ಬ್ರಾಕೆನ್ ಎಂಬ ಜರೀಗಿಡವನ್ನು ದನ ಹೆಚ್ಚು ಮೇಯ್ದರೆ ರೋಗ ಬೀಳುತ್ತದೆ. ಅದೂ ಜರೀಗಿಡವೇ. ಯಾವುದು ಯಾವುದು ಎಂದು ಗುರುತಿಸುವವನ ಮನೆಯಲ್ಲಿ ಮಾತ್ರ ಪಲ್ಯ ಪಲ್ಯವಾಗಿರುತ್ತದೆ.

ಎರಡನೆಯ ಆಕ್ಷೇಪ ಈಗಿನ ಕಾಲದ್ದು. "ಮೊಬೈಲಿದೆಯಲ್ಲ, ಫೋಟೋ ಹೊಡೆದರೆ ಹೆಸರು ತಾನಾಗಿ ಬರುತ್ತದೆ. ಇದನ್ನೆಲ್ಲ ಕಲಿಯುವುದು ಯಾಕೆ?"

ನಾವು ಮೊಬೈಲಿನ ವಿರೋಧಿಗಳಲ್ಲ. ಬರಲಿ, ಹೆಸರು ಬರಲಿ. ಆದರೆ ಬರುವುದು ಒಂದೇ ಹೆಸರಲ್ಲ, ಮೂರೋ ನಾಲ್ಕೋ ಬರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಬೇಕಾದರೆ ಮತ್ತೆ ಗಿಡದ ಹತ್ತಿರವೇ ಹೋಗಿ ಎಲೆ ತಿರುಗಿಸಬೇಕು. ಫೋಟೋ ಮೇಲಿನಿಂದ ಹೊಡೆದದ್ದು, ಗುಟ್ಟು ಇರುವುದು ಅಡಿಯಲ್ಲಿ. ಅದೂ ಹೋಗಲಿ. ಮೊಬೈಲು ಸರಿಯಾಗಿ ಹೇಳಿತು ಎಂದೇ ಇಟ್ಟುಕೊಳ್ಳಿ. ಅದು ಕೊಡುವ ಇಂಗ್ಲಿಷ್ ಹೆಸರೇನು? "ಆಸ್ಪರಾಗಸ್ ಫರ್ನ್"! ನೋಡಿ, ಸರಿಯಾದ ಉತ್ತರದ ಬಾಲದಲ್ಲಿಯೇ ತಪ್ಪು ಕೂತಿದೆ. ಇಂಗ್ಲಿಷಿನವರು ರೂಪ ನೋಡಿ ಫರ್ನ್ ಎಂದರು, ಅದೇ ಮಾತು ನರ್ಸರಿಯ ಚೀಟಿಗೆ ಬಂತು, ಚೀಟಿಯಿಂದ ನಮ್ಮ ಬಾಯಿಗೆ ಬಂತು. ಲಕ್ಷಣ ಗೊತ್ತಿಲ್ಲದವನಿಗೆ ಹೆಸರು ಸಿಕ್ಕಿ ಏನು ಪ್ರಯೋಜನ?

ರೂಪ ನೋಡಿ ಮೋಸ ಹೋಗುವುದು ಇದೊಂದರಲ್ಲೇ ಅಲ್ಲ. ವಯನಾಡು, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೂ ಕಾಳುಮೆಣಸಿನ ಬಳ್ಳಿಗೂ ನೆಡುವ ಸಿಲ್ವರ್ ಓಕ್ ಇದೆಯಲ್ಲ, ಅದರ ಎಳೆ ಸಸಿಯೂ ಥೇಟು ಜರೀಗಿಡದ ಹಾಗೆ. ವಿದೇಶಗಳಲ್ಲಿ ಅದನ್ನು ಚಟ್ಟಿಯಲ್ಲಿಟ್ಟು ಮನೆಯೊಳಗೆ ಸಾಕುತ್ತಾರೆ. ಬಿಟ್ಟರೆ ನೂರು ಅಡಿ ಹೋಗುವ ಮರ ಅದು!

ಹೆಸರು ತಪ್ಪಿದರೆ ಒಂದು ಚಟ್ಟಿಯ ಗಿಡ ಸಾಯುತ್ತದೆ, ಅಷ್ಟಕ್ಕೆ ಇಷ್ಟು ಗಲಾಟೆಯೇ ಎನ್ನುವವರಿಗೆ ಕೇರಳದ್ದೇ ದೊಡ್ಡ ಉದಾಹರಣೆ ಇದೆ. ಹೊಳೆ, ಕೆರೆ, ಗದ್ದೆಗಳ ನೀರಿನ ಮೇಲೆ ಹಸಿರು ಚಾಪೆ ಹಾಸಿದ ಹಾಗೆ ತುಂಬಿಕೊಂಡು ದೋಣಿ ಹೋಗಲೂ ಬಿಡದ ಕಳೆಯೊಂದನ್ನು ಇಲ್ಲಿ ಎಲ್ಲರೂ "ಆಫ್ರಿಕನ್ ಪಾಯಲ್" ಎನ್ನುತ್ತಾರೆ. ಅದು ಆಫ್ರಿಕದ್ದೂ ಅಲ್ಲ, ಪಾಯಲ್ ಎಂದರೆ ಪಾಚಿಯೂ ಅಲ್ಲ. ಮೂಲ ಊರು ಬ್ರೆಜಿಲಿನ ಆಗ್ನೇಯ ಭಾಗ, ಜಾತಿಯಲ್ಲಿ ಅದೊಂದು ಜರೀಗಿಡ, ನೀರಿನಲ್ಲಿ ತೇಲುವ ಜರೀಗಿಡ. ಹೆಸರು ಸಾಲ್ವಿನಿಯಾ ಮೊಲೆಸ್ಟಾ. ಜಗಲಿಯಲ್ಲಿ ಜರೀಗಿಡ ಅಲ್ಲದ್ದನ್ನು ಜರೀಗಿಡ ಎಂದೆವು, ಗದ್ದೆಯಲ್ಲಿ ಜರೀಗಿಡವನ್ನು ಪಾಚಿ ಎಂದೆವು. ಹೇಗಿದೆ ನಮ್ಮ ಲೆಕ್ಕ!

ಈ ವಿಷಯದಲ್ಲಿ ಎಡವಿದವರು ನಮ್ಮ ಜನ ಮಾತ್ರವಲ್ಲ. ಲೋಕದ ವಿಜ್ಞಾನಿಗಳೇ ಬಹುಕಾಲ ಇದನ್ನು ಸಾಲ್ವಿನಿಯಾ ಆರಿಕ್ಯುಲೇಟಾ ಎಂಬ ಬೇರೆ ಜಾತಿ ಎಂದುಕೊಂಡಿದ್ದರು. ಕಳೆಯನ್ನು ತಿನ್ನುವ ಕೀಟವನ್ನು ಆ ಬೇರೆ ಜಾತಿಯ ಮೇಲಿನಿಂದ ಹಿಡಿದು ತಂದು ಬಿಟ್ಟರು. ಕೆಲಸವಾಗಲಿಲ್ಲ. 1972ರಲ್ಲಿ ಮಿಚೆಲ್ ಎಂಬ ಸಸ್ಯಶಾಸ್ತ್ರಜ್ಞ ಇದು ಬೇರೆಯೇ ಜಾತಿ ಎಂದು ವಿವರಿಸಿ ಹೊಸ ಹೆಸರು ಕೊಟ್ಟ. 1978ರಲ್ಲಿ ಬ್ರೆಜಿಲಿನಲ್ಲಿ ಅದರ ಮೂಲ ನೆಲೆ ಸಿಕ್ಕಿತು. ಅಲ್ಲಿ ಅದರ ಮೇಲೆಯೇ ಬದುಕುವ ಒಂದು ಸಣ್ಣ ಸೊಂಡಿಲು ಕೀಟವೂ ಸಿಕ್ಕಿತು. 1980ರಲ್ಲಿ ಅದನ್ನು ಆಸ್ಟ್ರೇಲಿಯದ ಮೂಂಡಾರ ಸರೋವರದಲ್ಲಿ ಬಿಟ್ಟಾಗ ಸುಮಾರು ಒಂದು ವರ್ಷದಲ್ಲಿ ಕಳೆ ನೆಲಕಚ್ಚಿತು. ಅದೇ ದಶಕದಲ್ಲಿ ಆ ಕೀಟ ಕೇರಳಕ್ಕೂ ಬಂತು, ಇಲ್ಲಿಯೂ ಕೆಲಸ ಮಾಡಿತು. ವರ್ಷಗಟ್ಟಲೆ ಆಗದ ಕೆಲಸ ಆದದ್ದು ಯಾವಾಗ? ಹೆಸರು ಸರಿಯಾದಾಗ. ಹೆಸರಿನಲ್ಲಿ ಏನಿದೆ ಎಂದು ಕೇಳುವವರು ಇದಕ್ಕೆ ಉತ್ತರ ಹೇಳಲಿ.

ಇನ್ನು ನಮಗೆ ನಿಜವಾಗಿಯೂ ಹೊಟ್ಟೆ ಉರಿಯುವ ವಿಷಯಕ್ಕೆ ಬರುತ್ತೇವೆ.

ದುಡ್ಡು ಕೊಟ್ಟು ತಂದ ಆಸ್ಪರಾಗಸನ್ನು ಫರ್ನ್ ಎಂದು ಮುದ್ದು ಮಾಡುವ ನಾವು, ಅಸಲಿ ಜರೀಗಿಡಗಳನ್ನು ಏನು ಮಾಡುತ್ತಿದ್ದೇವೆ? ಕತ್ತಿಯಿಂದ ಕೆರೆದು ಎಸೆಯುತ್ತಿದ್ದೇವೆ! ಮಳೆ ಹಿಡಿದು ಹದಿನೈದು ದಿನವಾದರೆ ಸಾಕು, ನಮ್ಮ ಮುರಕಲ್ಲಿನ ಗೋಡೆ, ಬಾವಿಯ ಒಳಮೈ, ತೋಡಿನ ದಂಡೆ, ಸುರಂಗದ ಬಾಯಿ ಎಲ್ಲ ಕಡೆ ಜರೀಗಿಡ ಚಿಗುರುತ್ತದೆ. ಕಪ್ಪು ತಂತಿಯಂಥ ಹೊಳೆಯುವ ಕಡ್ಡಿ, ಅದರ ಮೇಲೆ ನೀರು ನಿಲ್ಲದೆ ಜಾರಿಹೋಗುವ ಎಳೆ ಹಸಿರು ಎಲೆ. ಅದು ಅಡಿಯಾಂಟಮ್. ಅದರಲ್ಲಿ ಒಂದು ಜಾತಿಯ ಎಲೆಯ ತುದಿ ಮಣ್ಣಿಗೆ ತಾಗಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ, ಹೀಗೆ ಗೋಡೆಯ ಮೇಲೆ ಹೆಜ್ಜೆ ಹಾಕುತ್ತ ಹೋಗುತ್ತದೆ. ಬೇಸಿಗೆಯಲ್ಲಿ ಒಣಗಿ ಹೋದಂತೆ ಕಾಣುತ್ತದೆ, ಬುಡ ಜೀವ ಹಿಡಿದುಕೊಂಡು ಮುಂದಿನ ಮಳೆಗೆ ಮತ್ತೆ ಏಳುತ್ತದೆ. ತೆಂಗಿನ ಮರ, ಹಲಸಿನ ಮರದ ಮೈಗೆ ಅಂಟಿಕೊಂಡು ಕೂರುವ ಡ್ರೈನೇರಿಯಾವನ್ನು ಯಾರು ನೋಡಿಲ್ಲ? ಬುಡದ ಒಣಗಿದ ಕಂದು ಎಲೆಗಳು ಸತ್ತವಲ್ಲ, ಕಸಕಡ್ಡಿ ತುಂಬಿಸಿಕೊಳ್ಳುವ ಬುಟ್ಟಿ. ಮೇಲಿನ ಹಸಿರು ಎಲೆಗೆ ಗೊಬ್ಬರ ಅಲ್ಲಿಂದಲೇ. ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಉಪ್ಪುನೀರಿಗೂ ಹೆದರದೆ ಆಳೆತ್ತರ ಬೆಳೆಯುವ ಜರೀಗಿಡವೂ ಇದೆ. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ. ಖರ್ಚಿಲ್ಲದ್ದಕ್ಕೇ ಬೆಲೆಯಿಲ್ಲವೋ ಏನೋ.

ಹಾಗೆ ನೋಡಿದರೆ ನಮ್ಮ ಮಕ್ಕಳು ಎಲೆ ತಿರುಗಿಸಿ ನೋಡುವುದನ್ನು ಯಾವತ್ತೋ ಕಲಿತಿದ್ದಾರೆ. ಗೋಡೆಯ ಬದಿಯಿಂದ ಒಂದು ಎಲೆ ಕಿತ್ತು, ಅಡಿಮಗ್ಗುಲನ್ನು ತೋಳಿನ ಮೇಲಿಟ್ಟು ಪಟ್ಟೆಂದು ಹೊಡೆದು, ಬಿಳಿ ಅಚ್ಚು ಮೂಡಿಸಿಕೊಳ್ಳುವ ಆಟ ಗೊತ್ತಿಲ್ಲದ ಮಗು ಈ ಕಡೆ ಇದೆಯೇ? ಓದುವ ನೀವೂ ಆಡಿದ್ದೀರಿ, ಸುಳ್ಳು ಹೇಳಬೇಡಿ. ಆ ಗಿಡ ಪಿಟಿರೊಗ್ರಾಮಾ ಎಂಬ ಜರೀಗಿಡ, ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ನಮ್ಮ ಗೋಡೆಗಳಲ್ಲಿ ನೆಲೆಯಾದದ್ದು. ಅಚ್ಚಾಗುವುದು ಎಲೆಯ ಅಡಿಯಲ್ಲಿರುವ ಮೇಣದಂಥ ಬಿಳಿ ಹುಡಿ. ಅಂದರೆ ಪಾಠದ ಅರ್ಧ ಭಾಗವನ್ನು ಮಗು ಆಟದಲ್ಲಿಯೇ ಮುಗಿಸಿ ಶಾಲೆಗೆ ಬಂದಿದೆ. ಉಳಿದ ಅರ್ಧಕ್ಕೆ ನಾವು ಮಾಡಬೇಕಾದದ್ದು ಹತ್ತು ಹೆಜ್ಜೆ ನಡೆದು ಗೋಡೆಯ ಹತ್ತಿರ ಹೋಗುವುದು, ಅಷ್ಟೇ.

ಅಷ್ಟನ್ನೂ ಮಾಡದೆ ಪಾಠ ನಡೆಯುತ್ತಿರುವುದು ನಮ್ಮ ಸಂಕಟ. ಒಂದು ತರಬೇತಿಯಲ್ಲಿ ಪರದೆಯ ಮೇಲೆ ಜರೀಗಿಡ ಎಂದು ದೊಡ್ಡದಾಗಿ ಇದೇ ಆಸ್ಪರಾಗಸ್‌ನ ಚಿತ್ರ ತೋರಿಸಿದರು. ಇದು ಜರೀಗಿಡವಲ್ಲ ಎಂದು ನಾವು ಎದ್ದು ಹೇಳಿದಾಗ ಬಂದ ಉತ್ತರ, "ಪ್ರೈಮರಿ ಮಕ್ಕಳಿಗೆ ಅಷ್ಟೆಲ್ಲ ಬೇಡ ಮಾಷ್ಟ್ರೇ, ಅದೂ ಕನ್ನಡ ಮೀಡಿಯಂ." ಆ ಕೊನೆಯ ಮಾತನ್ನು ಗಮನಿಸಿ. "ಅದೂ ಕನ್ನಡ ಮೀಡಿಯಂ" ಅಂತೆ! ಕನ್ನಡದಲ್ಲಿ ಕಲಿಯುವ ಮಗುವಿಗೆ ಸರಿ ತಪ್ಪು ಯಾವುದಾದರೂ ನಡೆಯುತ್ತದೆ ಎಂದು ಅರ್ಥವೇ? ಇಂಗ್ಲಿಷ್ ಮೀಡಿಯಂ ಮಗುವಿಗಾದರೆ ಎಲೆಯ ಅಡಿಯಲ್ಲಿ ಬೇರೆ ಚುಕ್ಕಿ ಕಾಣುತ್ತದೆಯೇ?

ಈ ಮಾತನ್ನು ನಮ್ಮವರೇ ನಂಬಿರುವುದು ಇನ್ನೂ ದೊಡ್ಡ ದುಃಖ. "ಕನ್ನಡದಲ್ಲಿ ವಿಜ್ಞಾನ ಹೇಳಲು ಶಬ್ದಗಳೆಲ್ಲಿವೆ?" ಎಂದು ಕೇಳಿಕೊಂಡು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಮೇಲೆ ಇಷ್ಟು ಹೊತ್ತು ನಾವು ಹೇಳಿದ್ದು ಯಾವ ಭಾಷೆಯಲ್ಲಿ? ಬೀಜಕ, ಕಾಂಡ, ಚಿಗುರು, ಸುರುಳಿ, ಗಡ್ಡೆ, ಹುರುಪೆ. ಯಾವ ಶಬ್ದಕ್ಕೆ ಬರವಾಯಿತು? ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಲು ಕಾಡು ಅಲೆದದ್ದನ್ನು ಅವರು ಕನ್ನಡದಲ್ಲಿ "ಹಸುರು ಹೊನ್ನು" ಎಂದು ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಡಿಯಾಚೆ ಕೂತು ಅವರು ಬರೆದರು. ಗಡಿಯಾಚೆ ಕೂತು ನಾವು ಒಂದು ಎಲೆಯನ್ನಾದರೂ ತಿರುಗಿಸಲಾರೆವೇ?

ಗಡಿಯಲ್ಲಿರುವುದು ಕೊರತೆ ಎಂದು ಅಳುವವರಿಗೂ ಒಂದು ಮಾತು. ನಮ್ಮ ಮಗು ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಮರಾಟಿಯೋ ಆಡುತ್ತದೆ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ನರ್ಸರಿಯ ಚೀಟಿಯಲ್ಲಿ ಇಂಗ್ಲಿಷ್. ಒಂದು ಗಿಡಕ್ಕೆ ನಾಲ್ಕು ಹೆಸರು ಕೇಳಿ ಹೋಲಿಸುವ ಅವಕಾಶ ಯಾರಿಗಿದೆ? ಡಚ್ಚರ ವಾನ್ ರೀಡ್ ಕೊಚ್ಚಿಯಲ್ಲಿದ್ದಾಗ ಮಾಡಿಸಿದ್ದು ಇದನ್ನೇ. ಇಟ್ಟಿ ಅಚ್ಚುದನ್ ಎಂಬ ನಾಟಿ ವೈದ್ಯರನ್ನೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ವಿದ್ವಾಂಸರನ್ನೂ ಕೂರಿಸಿಕೊಂಡು ಊರಿನ ಹೆಸರು, ಊರಿನ ಉಪಯೋಗ ಎಲ್ಲ ಬರೆಸಿದ. ಅದೇ 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 12 ಸಂಪುಟಗಳ "ಹೋರ್ತುಸ್ ಮಲಬಾರಿಕುಸ್". ಕೊನೆಯ ಸಂಪುಟದಲ್ಲಿ ಜರೀಗಿಡಗಳೂ ಇವೆ, "ಪನ್ನ" ಎಂಬ ಮಲಯಾಳದ ಹೆಸರಿನ ಸಮೇತ. ಮುನ್ನೂರು ಚಿಲ್ಲರೆ ವರ್ಷದ ಹಿಂದೆ ದೂರದೇಶದವನಿಗೆ ನಮ್ಮ ಗಿಡದ ಹೆಸರು ಬೇಕಾಗಿತ್ತು. ಇಂದು ನಮಗೆ "ಶೋ ಗಿಡ" ಸಾಕಾಗಿದೆ.

ಎಲ್ಲವೂ ಜನರ ತಪ್ಪು ಎಂದು ನಾವು ಹೇಳುವುದಿಲ್ಲ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದವರನ್ನು ನೇಮಿಸಿದ್ದರ ವಿರುದ್ಧ ಈ ಜಿಲ್ಲೆಯಲ್ಲಿ ಮಕ್ಕಳೂ ಹೆತ್ತವರೂ ಮತ್ತೆ ಮತ್ತೆ ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಭಾಷೆಯ ಅಭಿಮಾನದ ಜಗಳ ಎಂದು ಅದನ್ನು ತಳ್ಳಿಹಾಕುವವರು ಸ್ವಲ್ಪ ಯೋಚಿಸಲಿ. "ಎಲೆ ತಿರುಗಿಸು, ಅಡಿಯಲ್ಲಿ ಏನು ಕಾಣುತ್ತದೆ ಹೇಳು" ಎಂದು ಮಗುವಿಗೆ ಅದರ ಭಾಷೆಯಲ್ಲಿ ಹೇಳಲಾಗದವರು, ಮಗು ಹೇಳಿದ ಉತ್ತರ ತಿಳಿಯಲಾಗದವರು ವಿಜ್ಞಾನ ಕಲಿಸುವುದು ಹೇಗೆ? ಕೊನೆಗೆ ಉಳಿಯುವುದು ಹಲಗೆಯಿಂದ ನೋಡಿ ಬರೆದುಕೊಳ್ಳುವ ಉತ್ತರ ಮಾತ್ರ. ಅದು ಗಿಡಕ್ಕೆ ಅಂಟಿಸಿದ ಚೀಟಿಯ ಹಾಗೆ, ಸರಿಯೋ ತಪ್ಪೋ ನೋಡುವವರಿಲ್ಲ. ಆ ಶಿಕ್ಷಕರ ಮೇಲೆ ನಮಗೆ ಸಿಟ್ಟಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರು. ಸಿಟ್ಟು ಇರುವುದು, ಅವರಿಗೂ ಮಕ್ಕಳಿಗೂ ನಡುವೆ ಗೋಡೆ ಇದೆ ಎಂದು ಗೊತ್ತಿದ್ದೂ ಆದೇಶಕ್ಕೆ ಸಹಿ ಹಾಕುವ ಕ್ರಮದ ಮೇಲೆ.

ಆದೇಶ ಬದಲಾಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಕನ್ನಡ ಬಲ್ಲ ಸಹೋದ್ಯೋಗಿಗಳೇ, ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಿ. ಅಡಿಯಲ್ಲಿ ಕಂದು ಚುಕ್ಕಿ ಬಲಿತ ಒಂದು ಜರೀಗಿಡದ ಎಲೆಯನ್ನು ಕಾಗದದ ನಡುವೆ ಎರಡು ದಿನ ಇಡಿ. ಕಾಫಿಹುಡಿಯಂಥ ಬೀಜಕ ಕಾಗದದ ಮೇಲೆ ಉದುರುತ್ತದೆ. ಒಂದು ಮುರಕಲ್ಲಿನ ಅಥವಾ ಇಟ್ಟಿಗೆಯ ತುಂಡಿನ ಮೇಲೆ ಕುದಿಯುವ ನೀರು ಹೊಯ್ದು, ಆರಿಸಿ, ನೀರಿನ ತಟ್ಟೆಯಲ್ಲಿಟ್ಟು ಅದರ ಮೇಲೆ ಆ ಹುಡಿ ಉದುರಿಸಿ. ಮೇಲೆ ಗಾಜಿನ ಭರಣಿ ಕವುಚಿ ಹಾಕಿ ಬೆಳಕಿರುವ ನೆರಳಿನಲ್ಲಿ ಇಡಿ. ತಟ್ಟೆಯ ನೀರು ಆರಲು ಬಿಡಬೇಡಿ. ಕೆಲವು ವಾರದಲ್ಲಿ ಕಲ್ಲು ಹಸಿರಾಗುತ್ತದೆ, ಆಮೇಲೆ ಹೃದಯದ ಆಕಾರದ ಸಣ್ಣ ಹಾಳೆಗಳು, ಕೆಲವು ತಿಂಗಳಲ್ಲಿ ಅವುಗಳ ನಡುವಿನಿಂದ ಸುರುಳಿ ಬಿಚ್ಚಿಕೊಂಡು ಬರುವ ಮೊದಲ ಎಲೆ. ಪುಸ್ತಕದ ಎರಡು ಪುಟ ಕಣ್ಣೆದುರು ನಡೆಯುತ್ತದೆ, ಖರ್ಚು ಸೊನ್ನೆ. ಆಸ್ಪರಾಗಸ್ ಚಟ್ಟಿಯನ್ನೂ ಅದರ ಪಕ್ಕದಲ್ಲಿಯೇ ಇಡಿ, ಎಸೆಯಬೇಡಿ. ಅದರದ್ದೇನು ತಪ್ಪು? ಚೀಟಿ ಮಾತ್ರ ಬದಲಿಸಿ. ಮಕ್ಕಳ ಕೈಯಲ್ಲೇ ಬರೆಸಿ, ಕನ್ನಡದಲ್ಲಿ ಬರೆಸಿ: "ಆಸ್ಪರಾಗಸ್. ಜರೀಗಿಡವಲ್ಲ. ಶತಾವರಿಯ ನೆಂಟ. ಕಾಯಿ ತಿನ್ನಬಾರದು. ಮಣ್ಣು ಒಣಗಿದರೆ ಮಾತ್ರ ನೀರು."

ಹೆತ್ತವರಲ್ಲಿ ಒಂದು ವಿನಂತಿ. ನಾಳೆ ಮಗು ಜಗಲಿಯ ಗಿಡ ತೋರಿಸಿ ಇದೆಂತ ಎಂದು ಕೇಳಿದರೆ ದಯವಿಟ್ಟು ಶೋ ಗಿಡ ಎನ್ನಬೇಡಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಬಾ ನೋಡುವ" ಎನ್ನಿ. ಅಷ್ಟು ಹೇಳಿದರೆ ಸಾಕು, ಉಳಿದದ್ದು ಮಗು ನೋಡಿಕೊಳ್ಳುತ್ತದೆ.